ಹಿರಿಯಳ ಕಿವಿ

ಇಯರ್‌ಫೋನಿನ ಎಡ ತುದಿ ಮೂಕವಾದದ್ದನ್ನು ಕೆಹಿಂದೆ ಯಾರಿಗೂ ಹೇಳಲಿಲ್ಲ.

ಸಂಜೆ ಶಾಲೆ ಬಿಟ್ಟು ಬಂದು, ಕೈಕಾಲು ತೊಳೆದು, ಎಂದಿನಂತೆ ಟೈವೋಳ ಎದುರಿಗೆ ಚಾಪೆಯ ಮೇಲೆ ಕೂತಳು. ಕೆಂಪು ಟೇಪು ಸುತ್ತಿದ ಬಲ ತುದಿಯನ್ನು ಟೈವೋಳ ತಲೆವಸ್ತ್ರದೊಳಗೆ, ಕಿವಿಯ ಮೇಲೆ ಬರುವಂತೆ ಸಿಕ್ಕಿಸಿದಳು. ಎಡ ತುದಿ ತನ್ನ ಕಿವಿಗೆ. ಬೆಂಕಿಪೊಟ್ಟಣದಷ್ಟಿದ್ದ ಆ ಹಾಡಿನ ಡಬ್ಬಿಯ ಗುಂಡಿ ಒತ್ತಿದರೆ ಅವಳ ಕಿವಿಯಲ್ಲಿ ಏನೂ ಇಲ್ಲ. ಟೈವೋಳ ಕಡೆಯಿಂದ ಮಾತ್ರ, ಬಟ್ಟೆಯೊಳಗೆ ಸಿಕ್ಕಿಬಿದ್ದ ಸೊಳ್ಳೆಯ ಹಾಗೆ ಏನೋ ಗುಂಯ್‌ಗುಡುತ್ತಿತ್ತು. ಕೈಚಾಚಿ ಅದನ್ನು ತೆಗೆದು ತನ್ನ ಕಿವಿಗಿಟ್ಟುಕೊಳ್ಳಬಹುದಿತ್ತು. ಆದರೆ ಟೈವೋಳದ್ದು ಟೈವೋಳದ್ದೇ. ಹಾಡು ಮುಗಿಯುವಷ್ಟು ಹೊತ್ತು ಮೂಕ ತುದಿಯನ್ನು ಕಿವಿಯಲ್ಲಿಟ್ಟುಕೊಂಡು ಕೂತು, ಮುಗಿದಿರಬಹುದು ಅನಿಸಿದಾಗ ಎದ್ದಳು. ಮಾರನೆಯ ದಿನವೂ ಹಾಗೇ ಮಾಡಿದಳು.

ಟೈವೋ ಪ್ಲಾಸ್ಟಿಕ್ಕಿನ ಗೊಂಬೆ. ನಿಜವಾದ ಟೈವೋ ಒಂಬತ್ತನೆಯ ವಯಸ್ಸಿನಲ್ಲಿ ಜ್ವರದಲ್ಲಿ ಹೋದಳು. ಒಂದೇ ಚಾಪೆ, ಒಂದೇ ಹೊದಿಕೆ, ಒಂದೇ ಜ್ವರ. ಬೆಳಕು ಹರಿಯುವಾಗ ಒಬ್ಬಳು ನೀರು ಕೇಳಿದಳು, ಇನ್ನೊಬ್ಬಳು ಕೇಳಲಿಲ್ಲ. ಅವಳಿ ಮಕ್ಕಳಿಗೆ ಹೆಸರಾದ ಊರು ಇಗ್ಬೋ-ಓರಾ. ಇಂಥ ಹೊತ್ತಿನಲ್ಲಿ ಏನು ಮಾಡಬೇಕೆಂದು ಅಲ್ಲಿ ಯಾರಿಗೂ ಹೇಳಿಕೊಡಬೇಕಿಲ್ಲ. ಹಳಬರು ಮರದಲ್ಲಿ ಕೆತ್ತಿಸುತ್ತಿದ್ದರು, ಈಗಿನವರಿಗೆ ಬಜಾರಿನ ಗೊಂಬೆ ಸಾಕು. ಹೋದವಳ ಜಾಗದಲ್ಲಿ ಅದನ್ನಿಟ್ಟು, ಮೀಯಿಸಿ, ಉಣ್ಣಿಸಿ, ಇದ್ದವಳಿಗೆ ಏನು ತಂದರೂ ಅದಕ್ಕೂ ಪಾಲು ಕೊಡಬೇಕು. ಕೊಡದಿದ್ದರೆ ಹೋದವಳು ಮುನಿದು, ಇದ್ದವಳನ್ನೂ ಕರೆಸಿಕೊಳ್ಳುತ್ತಾಳೆ. ಅವಳಿ-ಜವಳಿ ಎಂದರೆ ಅಷ್ಟೇ: ಇವಳಿಗೆ ಜವಳಿ ತಂದರೆ ಅವಳಿಗೂ ಜವಳಿ. ಕೆಹಿಂದೆ ಹಬ್ಬಕ್ಕೆ ನೀಲಿ ಹೊಲಿಸಿದರೆ ಮಿಕ್ಕ ತುಂಡಿನಲ್ಲಿ ಗೊಂಬೆಗೂ ನೀಲಿಯೇ. ಮೇಷ್ಟರಮ್ಮನಾಗಿ ಮಕ್ಕಳಿಗೆ ಕೂಡುವುದು ಕಳೆಯುವುದು ಕಲಿಸುವ ಕೆಹಿಂದೆ, ಮನೆಯಲ್ಲಿ ಮಾತ್ರ ಎರಡರಲ್ಲಿ ಒಂದು ಕಳೆದರೂ ಎರಡೇ ಎಂದು ಒಪ್ಪಿಕೊಂಡು ಬೆಳೆದಿದ್ದಳು. ಅವಳ ತಾಯಿಯನ್ನು ಊರು ಕರೆಯುವುದು ಈಗಲೂ ಇಯಾ ಇಬೇಜಿ ಎಂದೇ, ಅವಳಿಗಳ ತಾಯಿ. ಆ ಹೆಸರನ್ನು ಆಕೆ ಒಂದು ದಿನಕ್ಕೂ ಬಿಟ್ಟುಕೊಟ್ಟವಳಲ್ಲ.

ಅಲ್ಲಿ ಅವಳಿಗಳಿಗೆಲ್ಲ ಇವೇ ಎರಡು ಹೆಸರು. ಹೊಟ್ಟೆಯಿಂದ ಮೊದಲು ಬಂದವಳು ಟೈವೋ. ಆದರೂ ಆ ಜನರ ಲೆಕ್ಕದಲ್ಲಿ ಹಿರಿಯಳು ಕೆಹಿಂದೆ. ಹಿರಿಯರಾದವರು ಗುರುತಿಲ್ಲದ ಜಾಗಕ್ಕೆ ತಾವೇ ಮೊದಲು ನುಗ್ಗುತ್ತಾರೆಯೇ? ಕಿರಿಯರನ್ನು ಅಟ್ಟುತ್ತಾರೆ: ಹೋಗು, ಲೋಕದ ರುಚಿ ನೋಡಿ ಹೇಳು. ಟೈವೋ ಬಂದಳು, ರುಚಿ ನೋಡಿದಳು, ಚೆನ್ನಾಗಿದೆ ಅಂತ ಕೂಗಿದಳು. ಆಮೇಲೆ ಕೆಹಿಂದೆ ಹೊರಟಳು. ಹಿಂದಿನಿಂದ ಬಂದ ಹಿರಿಯಳು. ಹೆಸರಿನೊಳಗೇ 'ಹಿಂದೆ' ಕೂತಿದೆ.

ಇಬ್ಬರ ಬೆನ್ನಿಗೆ ಹುಟ್ಟಿದವನು ಇದೊವು. ಅವಳಿಗಳ ಬೆನ್ನಿಗೆ ಹುಟ್ಟಿದವನು ತುಂಟನಾಗದೆ ವಿಧಿಯಿಲ್ಲ ಎಂಬುದು ಊರಿನ ತೀರ್ಮಾನ, ಅವನು ಊರಿನ ಮಾತಿಗೆ ಎಂದೂ ಮೋಸ ಮಾಡಲಿಲ್ಲ. ಮದುವೆಮನೆಗಳಲ್ಲಿ ಮೈಕು ಹಿಡಿದು ಪಾದ್ರಿಯ ದನಿ, ಪೊಲೀಸಿನವನ ದನಿ, ಹೆಣ್ಣಿನ ಸೋದರತ್ತೆಯ ದನಿ ತೆಗೆದು ನಗಿಸುವುದೇ ಅವನ ಕಸುಬು. ಅವನಿಗೆ ಕೆಹಿಂದೆ ದೊಡ್ಡಕ್ಕ, ಗೊಂಬೆ ಚಿಕ್ಕಕ್ಕ.

ತಂದೆ ಅಯಾನ್‌ದೋಕುನ್ ಡೋಲಿನ ಮನೆತನದವನು. ನಡು ಸಣ್ಣಗಿರುವ ತಾಯಿ ಡೋಲನ್ನು ಕಂಕುಳಲ್ಲಿ ಅದುಮಿ, ಹಗ್ಗ ಬಿಗಿದು ಸಡಿಲಿಸಿ, ಬಗ್ಗಿದ ಕೋಲಿನಿಂದ ಅದನ್ನು ಮಾತಾಡಿಸುವವನು. ಆ ಜನರ ಭಾಷೆಯೇ ಹಾಗೆ, ದನಿ ಏರಿದರೆ ಒಂದರ್ಥ, ಇಳಿದರೆ ಇನ್ನೊಂದು. ಡೋಲು ಆ ಏರಿಳಿತವನ್ನು ಮಾತ್ರ ನುಡಿಯುತ್ತದೆ. ಡೋಲಿನ ಮಾತಿಗೆ ಸ್ವರ ಉಂಟು, ವ್ಯಂಜನವಿಲ್ಲ. ಎಲೆಯ ಮುಂದೆ ಕೂತವರು ವ್ಯಂಜನವನ್ನು ತಾವೇ ಬಡಿಸಿಕೊಳ್ಳಬೇಕು. ಅಯಾನ್‌ದೋಕುನ್ ಬಾಯಿಬಿಟ್ಟು ಆಡುತ್ತಿದ್ದದ್ದು ಕಡಿಮೆ. ಊರಿನ ಯಾವ ಮನೆಯ ಬಾಗಿಲಲ್ಲಿ ನಿಂತರೂ ಅವನ ಡೋಲು ಆ ಮನೆಯ ಮೂರು ತಲೆಮಾರಿನ ಹೆಸರು ಹಿಡಿದು ಕರೆಯುತ್ತಿತ್ತು. ಟೈವೋ ಹೋದಮೇಲೆ ತನ್ನ ಮನೆಯ ಬಾಗಿಲಲ್ಲಿ ಮಾತ್ರ ಅವನು ಡೋಲು ಎತ್ತಲಿಲ್ಲ. ಕೆಹಿಂದೆ ಅನ್ನ ತಂದಿಟ್ಟರೆ ಅವಳ ಮುಖ ನೋಡಿ, ಆ ಮುಖದ ಪಕ್ಕದ ಖಾಲಿ ಜಾಗವನ್ನೂ ನೋಡಿ, ತಟ್ಟೆಗೆ ಬಗ್ಗುತ್ತಿದ್ದ. ಉಳಿಯಬೇಕಾಗಿದ್ದವಳು ತಾನಲ್ಲವೇನೋ, ಅಪ್ಪನ ಮನಸ್ಸಿನಲ್ಲಿ ಇರುವುದು ಅದೇ ಇರಬೇಕು ಎಂದು ಅವಳು ಬೆಳೆಯುತ್ತ ಬೆಳೆಯುತ್ತ ನಂಬಿದಳು. ಕೇಳುವ ಧೈರ್ಯ ಬರಲಿಲ್ಲ.

ಆಮೇಲೆ ಅವಳು ಶಿಕ್ಷಕರ ತರಬೇತಿಗೆ ಹೊರಟ ವರ್ಷ, ಎದೆಯ ಕಾಯಿಲೆ ಹಿಡಿದಿದ್ದ ಅಪ್ಪ ಹೆಂಡತಿಯನ್ನು ಕರೆದುಕೊಂಡು ಇಬಾದಾನ್ ಪಟ್ಟಣಕ್ಕೆ ಹೋಗಿ ಈ ಹಾಡಿನ ಡಬ್ಬಿ ತಂದ. ಆ ಕತೆಯನ್ನು ಅವ್ವ ನೂರು ಸಲ ಹೇಳಿದ್ದಾಳೆ. ಅಂಗಡಿಯವನು ಗಟ್ಟಿಯಾಗಿ ಹಾಡುವ ರೇಡಿಯೋ ತೋರಿಸಿದ. ಅಪ್ಪ ಬೇಡವೆಂದು ತಲೆಯಾಡಿಸಿದ. ಎರಡು ತಗೊಳ್ಳಿ, ಇಬ್ಬರು ಹೆಣ್ಣುಮಕ್ಕಳಲ್ಲವಾ ಅಂದ ಅಂಗಡಿಯವನು. ಅಪ್ಪ ಅದಕ್ಕೂ ತಲೆಯಾಡಿಸಿದ. ಕೊನೆಗೆ ಇದನ್ನು ಎತ್ತಿಕೊಂಡು, ನೇತಾಡುವ ಎರಡು ತುದಿಗಳನ್ನು ಎರಡು ಬೆರಳಿಗೆ ಸಿಕ್ಕಿಸಿಕೊಂಡು, "ಇದಕ್ಕೆ ಒಂದೇ ಹೊಟ್ಟೆ, ಎರಡು ಕಿವಿ. ನಮ್ಮ ಮಕ್ಕಳ ಹಾಗೆ," ಅಂದನಂತೆ. ಅದೇ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಡೋಲು ನುಡಿಸಿ ಅದರಲ್ಲಿ ತುಂಬಿಸಿಕೊಂಡೂ ಬಂದ.

ಆ ಸಂಜೆ ಕೆಹಿಂದೆ ಗೊಂಬೆಯೊಂದಿಗೆ ಕೂತು ಕೇಳಿದಳು. ಅವಳ ಕಿವಿಗೆ ಬಿದ್ದದ್ದು, ತಾಯಿ ಡೋಲಿಗೆ ಜೊತೆ ಕೊಡುವ ಮರಿ ಡೋಲಿನ ತಾಳ. ಚಂದದ ತಾಳವೇ, ಕಾಲು ತಾನಾಗಿ ಕುಣಿಯುವಂಥದ್ದು. ಆದರೆ ಮಾತಿಲ್ಲ. ತಾಯಿ ಡೋಲು ಈಗ ಬರುತ್ತದೆ, ಈಗ ತನ್ನ ಹೆಸರು ಹಿಡಿದು ಕರೆಯುತ್ತದೆ ಎಂದು ಕಾದಳು. ತಾಳ ಮುಗಿದೇ ಹೋಯಿತು.

ಬಾಗಿಲಲ್ಲಿ ನಿಂತಿದ್ದ ಅಪ್ಪ ಕೇಳಿದ: "ಕೇಳಿದೆಯಾ?"

"ಕೇಳಿದೆ ಅಪ್ಪ."

ಅವನು ಇನ್ನೂ ನಿಂತೇ ಇದ್ದ. ಏನಾದರೂ ಹೇಳಬೇಕಲ್ಲ ಎಂದು ಅವಳು ಹೇಳಿದಳು: "ತಾಳ ಚೆನ್ನಾಗಿದೆ."

"ಹೂಂ," ಅಂದು ಅಪ್ಪ ಒಳಗೆ ಹೋದ. ಮುಂದಿನ ಧೂಳುಗಾಳಿ ಏಳುವ ಮೊದಲೇ ತೀರಿಕೊಂಡ.

ಊರಿಗೆಲ್ಲ ಮಾತು ಹಂಚಿದ ಕೈ ತನಗೆ ಮಾತಿಲ್ಲದ ಹಾಡು ಕೊಟ್ಟು ಹೋಯಿತಲ್ಲ ಎಂಬುದು ಅವಳೊಳಗೆ ಮುಳ್ಳಿನಂತೆ ಉಳಿಯಿತು. ಆದರೂ ವರ್ಷಗಟ್ಟಲೆ, ಊರಲ್ಲಿದ್ದ ಸಂಜೆಗಳಲ್ಲೆಲ್ಲ, ಅವಳು ಅದನ್ನೇ ಕೇಳಿದಳು. ನಡುನಡುವೆ ತಾನು ತುಂಬಿಸಿಕೊಂಡಿದ್ದ ಚರ್ಚಿನ ಹಾಡುಗಳನ್ನೂ ಕೇಳಿದಳು. ಅವು ಎರಡು ಕಡೆಯೂ ಒಂದೇ ಸಮ ಬರುತ್ತಿದ್ದವಾದ್ದರಿಂದ ಟೈವೋಳ ಕಿವಿಗೆ ಬೇರೇನಾದರೂ ಹೋಗುತ್ತಿರಬಹುದೆಂದು ಅವಳಿಗೆ ಹೊಳೆಯಲಿಲ್ಲ.

ಎಡ ತುದಿ ಮೂಕವಾದದ್ದನ್ನು ಕಂಡುಹಿಡಿದವಳು ಅವ್ವ. ಆಕೆಗೆ ಕಿವಿ ಮಂದ, ಕಣ್ಣು ಚುರುಕು.

"ಏನೇ, ನಿನ್ನ ಕಾಲು ಕುಣೀತಾ ಇಲ್ಲ?"

"ಸುಸ್ತು ಅವ್ವ."

"ಮೂರು ದಿನದಿಂದ ಸುಸ್ತಾ? ಎಲ್ಲಿ ಕೊಡು." ಅವ್ವ ತುದಿಯನ್ನು ತಿರುಗಿಸಿ ಮುರುಗಿಸಿ ನೋಡಿ, ತನ್ನ ಕಿವಿಗಿಟ್ಟುಕೊಳ್ಳದೆ ವಾಪಸು ಕೊಟ್ಟಳು. ಅದು ಮಕ್ಕಳದ್ದು, ತಾಯಿಗೆ ಅದರಲ್ಲಿ ಪಾಲಿಲ್ಲ. "ಒಬ್ಬಳು ಕೇಳೋದು ಒಬ್ಬಳು ಸುಮ್ನೆ ಕೂರೋದು ಇಬ್ಬರಿಗೂ ಒಳ್ಳೇದಲ್ಲ. ಇದೊವೂನ ಕರ್ಕೊಂಡು ಇಬಾದಾನಿಗೆ ಹೋಗಿ ಹೊಸದು ತಗೊಂಡು ಬಾ. ಅದೇ ಅಂಗಡಿಗೆ ಹೋಗು. ಎರಡು ಕಿವಿದೇ ತರಬೇಕು, ಗೊತ್ತಾಯ್ತಾ."

ಶನಿವಾರ ಹೊರಟರು. ದಾರಿಯುದ್ದಕ್ಕೂ ಇದೊವು ಬಸ್ಸಿನ ಕಂಡಕ್ಟರನ ದನಿಯಲ್ಲೇ ಕಂಡಕ್ಟರನಿಗೆ ಉತ್ತರ ಕೊಟ್ಟು, ಇಬ್ಬರಲ್ಲಿ ಯಾರು ಚಿಲ್ಲರೆ ಕೊಡಬೇಕೆಂದು ಪ್ರಯಾಣಿಕರಿಗೇ ಗೊಂದಲ ಹುಟ್ಟಿಸಿದ. ಕೆಹಿಂದೆ ಮಡಿಲಲ್ಲಿ ಹಳೆಯ ಡಬ್ಬಿ ಹಿಡಿದು ಕಿಟಕಿಯ ಕಡೆ ನೋಡುತ್ತಿದ್ದಳು.

ಫೋನು ಬಜಾರಿನ ಸಂದಿಯಲ್ಲಿ, ಅಕಾರಾ ಕರಿಯುವ ಮುದುಕಿಯ ಬಾಣಲೆಯ ಪಕ್ಕದಲ್ಲೇ ಒಬಿಯೋರಾನ ಅಂಗಡಿ. ಅಲಸಂದೆ ರುಬ್ಬಿ ವಡೆಯಂತೆ ಕರಿದ ಅಕಾರಾ ಎರಡು ಬಾಯಿಗೆ ಹಾಕಿಕೊಂಡೇ ಇದೊವು ಒಳಗೆ ಬಂದ.

"ಅಕಾರ ಆಯ್ತು ದೊಡ್ಡಕ್ಕ, ಇನ್ನು ಆಕಾರ ನೋಡೋಣ," ಅಂದು ಗಾಜಿನ ಪೆಟ್ಟಿಗೆಯೊಳಗೆ ಇಣುಕಿದ.

ಒಬಿಯೋರಾ ಪೂರ್ವದ ಕಡೆಯ ಇಗ್ಬೋ ಜನಾಂಗದವನು; ಇಗ್ಬೋ-ಓರಾ ಊರಿಗೂ ಅವನಿಗೂ ಸಂಬಂಧವಿಲ್ಲ, ಅವನ ಭಾಷೆಯೇ ಬೇರೆ. ಈಗ ಕೂದಲು ನರೆತಿದೆ, ಇಲ್ಲಿನ ಮಾತು ಇಲ್ಲಿನವರಷ್ಟೇ ಸಲೀಸು. ಹಳೆಯ ಡಬ್ಬಿಯನ್ನು ಕಂಡವನೇ ಕೈಗೆತ್ತಿಕೊಂಡು ಬೆನ್ನು ಸವರಿದ.

"ಇದು ನನ್ನ ಅಂಗಡೀದೇ. ಡೋಲಿನ ಬಾಬಾ ತಗೊಂಡು ಹೋಗಿದ್ದು. ಹೇಗಿದಾರೆ ಬಾಬಾ?"

"ಹೋಗ್ಬಿಟ್ರು," ಅಂದಳು ಕೆಹಿಂದೆ.

ಅವನು ಟೋಪಿ ತೆಗೆದು ಕಟ್ಟೆಯ ಮೇಲಿಟ್ಟ. ಆಮೇಲೆ ಇಯರ್‌ಫೋನು ಚುಚ್ಚಿ ನೋಡಿ, "ತಂತಿ ಒಳಗೇ ತುಂಡಾಗಿದೆ. ಡಬ್ಬಿ ತೂತೂ ಸಡಿಲ ಆಗಿದೆ. ಹೊಸದೇ ತಗೋ ತಂಗಿ. ಇದು ನೋಡು, ಬಟ್ಟೆಗೆ ಸಿಕ್ಕಿಸೋದು. ಇದಕ್ಕೆ ಪರದೆ ಉಂಟು, ಹಾಡಿನ ಹೆಸರು ಕಾಣುತ್ತೆ. ಇದಕ್ಕೆ ರೇಡಿಯೋನೂ ಉಂಟು. ಅಲ್ಲಾ, ಈಗೆಲ್ಲಾ ಫೋನಲ್ಲೇ ಕೇಳ್ತಾರಲ್ಲ," ಅಂದ.

"ಮಧ್ಯದಲ್ಲಿ ಯಾರಾದ್ರೂ ಫೋನ್ ಮಾಡಿದ್ರೆ ಹಾಡು ನಿಲ್ಲುತ್ತೆ. ಚಿಕ್ಕಕ್ಕಂಗೆ ಅದು ಹಿಡಿಸಲ್ಲ," ಅಂದ ಇದೊವು. "ಆಮೇಲೆ ಯಾರಾದ್ರೂ ಅವಳಿಗೇ ಫೋನ್ ಮಾಡಿಬಿಟ್ರೆ, ಅವಳು ಎತ್ತಿಬಿಟ್ರೆ?"

"ಬಾಯ್ಮುಚ್ಚೋ," ಅಂದಳು ಕೆಹಿಂದೆ. "ಪರದೆ ಬೇಡ, ರೇಡಿಯೋ ಬೇಡ. ಎರಡು ಕಿವಿ ಇದ್ರೆ ಸಾಕು. ಇದರಲ್ಲಿರೋ ಅಪ್ಪನ ತಾಳ ಅದಕ್ಕೆ ಬರಬೇಕು."

"ಬರುತ್ತೆ. ಕಾರ್ಡು ಚೆನ್ನಾಗಿದೆಯಾ ನೋಡೋಣ." ಹಳೆಯ ಡಬ್ಬಿಯಿಂದ ಉಗುರಿನಷ್ಟು ದೊಡ್ಡ ಮೆಮೊರಿ ಕಾರ್ಡನ್ನು ಎಬ್ಬಿಸಿ, ಕಟ್ಟೆಯ ಮೇಲಿದ್ದ ಕೆಂಪು ಸ್ಪೀಕರ್ ಡಬ್ಬಕ್ಕೆ ತುರುಕಿದ.

ಮೊದಲು ಬಂದದ್ದು ಅವಳು ಉಸಿರಿನಷ್ಟೇ ಬಲ್ಲ ಮರಿ ಡೋಲಿನ ತಾಳ. ಚಪ್ಪಲಿಯೊಳಗೆ ಬೆರಳು ತಾನಾಗಿ ಅಲುಗಿತು. ಅದರ ಮೇಲೆ, ಇದ್ದಕ್ಕಿದ್ದಂತೆ, ಇನ್ನೊಂದು ಡೋಲು. ಪಕ್ಕದ ಅಂಗಡಿಯದ್ದೇನೋ ಎಂದು ಕೆಹಿಂದೆ ಹೊರಗೆ ನೋಡಿದಳು. ಹೊರಗೆ ಬಾಣಲೆಯ ಸದ್ದು ಮಾತ್ರ ಇತ್ತು. ತಿರುಗಿ ನೋಡಿದರೆ ಇದೊವು ಅಗಿಯುವುದನ್ನು ನಿಲ್ಲಿಸಿದ್ದ.

"ಅಪ್ಪ," ಅಂದ.

ಏರಿ, ಇಳಿದು, ತೊಡರಿ, ಗಂಟಲು ಬಿಗಿದ ಹಾಗೆ ಹಗ್ಗ ಬಿಗಿದು, ಮತ್ತೆ ಸಡಿಲಾಗಿ, ತಾಯಿ ಡೋಲು ಮಾತಾಡುತ್ತಿತ್ತು. ಮೊದಲು ತನ್ನ ಹೆಸರು ಹೇಳಿಕೊಂಡಿತು. ಆಮೇಲೆ ಅವಳಿಗಳನ್ನು ಹೊಗಳಿತು. ಆಮೇಲೆ ಒಂದೇ ಸಣ್ಣ ಸಾಲು. ತಾಳ ಒಂದು ಸುತ್ತು ತಿರುಗಿ ಬರುವವರೆಗೆ ಕಾದು ಮತ್ತೆ ಅದೇ ಸಾಲು. ಮತ್ತೆ ಅದೇ.

ಇದೊವುವಿನ ತುಟಿ ಅಲುಗುತ್ತಿತ್ತು. ಯಾರ ದನಿ ಕೇಳಿದರೂ ಅದು ಅವನ ಬಾಯಿಗೆ ಬಂದುಬಿಡುತ್ತದೆ, ತಡೆಯಲು ಅವನಿಂದ ಆಗುವುದಿಲ್ಲ. ಡೋಲಿನ ಏರಿಳಿತಕ್ಕೆ ಸರಿಯಾಗಿ, ಅಪ್ಪನ ಒಡೆದ ದನಿಯಲ್ಲೇ ಅಂದ: "ಒ ಕೂ, ಇಲೇ ತೂ."

ನೀ ಸತ್ತೆ, ಮನೆ ಚದುರಿತು.

ಕೆಹಿಂದೆ ಕಟ್ಟೆ ಹಿಡಿದುಕೊಂಡಳು. ಸರಿಯೇ. ಟೈವೋಗೆ ಹೇಳಿದ್ದು. ಇಷ್ಟು ವರ್ಷ ತನ್ನ ಕಣ್ಣೆದುರೇ, ಒಂದು ಮೊಳದ ಆಚೆ, ಅಪ್ಪ ದಿನಾ ಸಂಜೆ ಟೈವೋಗೆ ಇದನ್ನು ಹೇಳುತ್ತಿದ್ದ. ತಾನು ಎದುರಿಗೆ ಕೂತು ಕಾಲು ಕುಣಿಸುತ್ತಿದ್ದಳು.

ಅಷ್ಟರಲ್ಲಿ ಅಕಾರಾ ಮುದುಕಿ ಜಾಲರಿ ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದಳು. "ಯಾರ ಮನೆ ನಾಮಕರಣದ್ದಪ್ಪಾ ಇದು? ಎಷ್ಟು ಚೆನ್ನಾಗಿ ನುಡಿಸಿದಾನೆ. ಈಗಿನವರಿಗೆಲ್ಲಿ ಬರುತ್ತೆ ಈ ಕೈ."

"ನಾಮಕರಣ ಅಲ್ಲಜ್ಜಿ. ಸಾವಿನ ಮಾತು," ಅಂದ ಇದೊವು.

"ನಿನಗೇನು ಕಿವೀಲಿ ಹಿಟ್ಟು ಮೆತ್ತಿದೆಯಾ? ನಾನೇನು ಡೋಲು ಕೇಳದೇ ಮುದುಕಿ ಆದ್ನಾ? 'ಒ ವಾ, ಇಲೇ ಕೂಂ' ಅಂತಿದಾನೆ. ನೀ ಬಂದೆ, ಮನೆ ತುಂಬಿತು. ಮಗು ಬಂದಾಗ ಅಲ್ದೆ ಯಾವಾಗ ಅಂತಾರೆ ಇದನ್ನ?" ಮುದುಕಿ ಒಬಿಯೋರಾನ ಕಡೆ ತಿರುಗಿ, "ಇನ್ನೊಂದು ಸಲ ಹಾಕು," ಅಂದಳು.

ಒಬಿಯೋರಾ ಇನ್ನೊಂದು ಸಲ ಹಾಕಿದ. ಇದೊವು ಬಾಯಲ್ಲಿ ಮೊದಲು ಒಂದನ್ನು ಅಂದು ನೋಡಿದ, ಆಮೇಲೆ ಇನ್ನೊಂದನ್ನು. ಎರಡೂ ಕೂದಲೆಳೆಯಷ್ಟೂ ಮಿಕ್ಕದೆ ಡೋಲಿನ ಮೇಲೆ ಕೂತವು. ಬಂದದ್ದಕ್ಕೂ ಸತ್ತದ್ದಕ್ಕೂ ಒಂದೇ ಏರು. ತುಂಬಿದ್ದಕ್ಕೂ ಚದುರಿದ್ದಕ್ಕೂ ಒಂದೇ ಬಿಗಿ.

"ಎರಡೂ ಸರಿ," ಅಂದ ಇದೊವು. ಈ ಸಲ ಅವನದೇ ದನಿ. ಅದು ಎಷ್ಟು ಸಣ್ಣದೆಂದು ಕೆಹಿಂದೆ ಮರೆತೇಹೋಗಿದ್ದಳು. "ಚರ್ಮದ ಮೇಲೆ ಎರಡೂ ಒಂದೇ, ದೊಡ್ಡಕ್ಕ. ಯಾರಿಗೆ ಹೇಳಿದ್ದು ಅನ್ನೋದರ ಮೇಲೆ ಹೋಗುತ್ತೆ."

"ಟೈವೋಗೆ," ಅಂದಳು ಕೆಹಿಂದೆ. "ಅವಳ ಕಿವಿಗೇ ಹಾಕಿಸಿದಾನಲ್ಲ. ನನ್ನ ಕಿವೀಲಿ ಇದು ಒಂದು ದಿನವೂ ಬಂದಿಲ್ಲ."

"ಬರೋದಿಲ್ಲ," ಅಂದ ಒಬಿಯೋರಾ. "ಬಾಬಾ ಹಾಗೇ ಮಾಡಿಸಿದ್ದು. ನನಗಿನ್ನೂ ನೆನಪಿದೆ, ಇನ್ಯಾವ ಗಿರಾಕಿಯೂ ಅಂಥದ್ದು ಕೇಳಿಲ್ಲ. ಮರಿ ಡೋಲು ತಾವೇ ನುಡಿಸಿದ್ರು, ಅದರ ಮೇಲೆ ತಾಯಿ ಡೋಲೂ ತಾವೇ. ನಡುವೆ ಕೆಮ್ಮು ಬಂದು ಎಷ್ಟೋ ಸಲ ಮೊದಲಿಂದ ಶುರು ಮಾಡಿದ್ವಿ. ಎರಡನ್ನೂ ಬೇರೆ ಬೇರೆ ಕಡೆ ಹಾಕು ಅಂದ್ರು. 'ಹಿರಿಯಳ ಕಿವಿಗೆ ಮಾತು, ಕಿರಿಯಳ ಕಿವಿಗೆ ಕುಣಿತ. ಕಿರಿಯಳು ಮಗುವಾಗೇ ನಿಂತ್ಲು. ಮಗುವಿಗೆ ಮಾತು ಯಾಕೆ, ಕುಣೀಲಿ' ಅಂದ್ರು."

ಕೆಹಿಂದೆ ಕಟ್ಟೆಯ ಮೇಲಿಂದ ಅವನ ಕಡೆ ಬಗ್ಗಿದಳು.

"ಇನ್ನೊಂದು ಸಲ ಹೇಳಿ," ಅಂದಳು ಕೆಹಿಂದೆ.

"ಹಿರಿಯಳ ಕಿವಿಗೆ ಮಾತು ಅಂತ. ಅದಕ್ಕೇ ಹಿರಿಯಳ ತುದಿಗೆ ಕೆಂಪು ಟೇಪು ಸುತ್ತಿ ಕೊಟ್ಟಿದ್ದು, ಅದಲುಬದಲು ಆಗ್ಬಾರ್ದು ಅಂತ. ಬಾಬಾ ಸುಸ್ತಾಗಿ ಬೆಂಚಿನ ಮೇಲೆ ಮಲಗಿದ್ರು. ನಾನು ನಿಮ್ಮ ತಾಯೀನ ಕೇಳ್ದೆ, ಅಮ್ಮಾ ಇಬ್ಬರಲ್ಲಿ ಮೊದಲು ಹುಟ್ಟಿದ್ದು ಯಾರು ಅಂತ. ಟೈವೋ ಅಂದ್ರು. ಹಾಗಿದ್ರೆ ಕೆಂಪು ಟೈವೋದು, ನೆನಪಿಟ್ಕೊಳ್ಳಿ ಅಂದೆ."

ಮುದುಕಿಯ ಸೌಟಿನಿಂದ ಎಣ್ಣೆ ಹೊಸ್ತಿಲ ಮೇಲೆ ತೊಟ್ಟಿಕ್ಕಿತು. "ಅಯ್ಯೋ ಪುಣ್ಯಾತ್ಮ," ಅಂದಳು ಮೆಲ್ಲಗೆ.

"ಯಾಕೆ? ಮೊದಲು ಹುಟ್ಟಿದವಳು ತಾನೇ ಹಿರಿಯಳು?" ಒಬಿಯೋರಾ ಒಬ್ಬೊಬ್ಬರ ಮುಖ ನೋಡಿದ. ನೋಡುತ್ತ ನೋಡುತ್ತ ಅವನ ಮುಖದ ಬಣ್ಣ ಇಳಿಯಿತು. ಆಗ ಅವನು ಈ ಊರಿಗೆ ಹೊಸಬ, ಅಂಗಡಿಯ ಬಣ್ಣವೂ ಒಣಗಿರಲಿಲ್ಲ. ಆಮೇಲೆ ಇಷ್ಟು ವರ್ಷದಲ್ಲಿ ಎಷ್ಟೋ ಟೈವೋಗಳು, ಎಷ್ಟೋ ಕೆಹಿಂದೆಗಳು ಗಿರಾಕಿಗಳಾಗಿ ಬಂದು ಹೋಗಿದ್ದಾರೆ. ಯಾರು ಯಾರಿಗೆ ಅಕ್ಕ ಎನ್ನುವುದನ್ನು ಅವನೂ ಕೇಳಿಸಿಕೊಂಡಿದ್ದಾನೆ. ಆದರೆ ಆ ಕೆಂಪು ಟೇಪಿನ ತನಕ ಅವನ ಮನಸ್ಸು ಹಿಂದೆ ಹೋಗಿರಲಿಲ್ಲ. "ತಂಗಿ," ಅಂದ.

ಕೆಹಿಂದೆಗೆ ಕೋಪ ಬರಲಿಲ್ಲ. ಅವಳಿಗೆ ಕಾಣುತ್ತಿದ್ದದ್ದು ಬಾಗಿಲಲ್ಲಿ ನಿಂತ ಅಪ್ಪ. ಕೇಳಿದೆಯಾ ಅಂದವನು. ಕೇಳಿದೆ ಅಂದಮೇಲೂ ಹೋಗದೆ ನಿಂತಿದ್ದವನು. ಅಷ್ಟು ವರ್ಷ ಎದೆಯಲ್ಲಿಟ್ಟುಕೊಂಡದ್ದನ್ನು ಕೆಮ್ಮಿ ಕೆಮ್ಮಿ ಹೊರಗೆ ಹಾಕಿ ಕೊಟ್ಟವನಿಗೆ ಮಗಳು ಅಂದದ್ದು, ತಾಳ ಚೆನ್ನಾಗಿದೆ. ಅಷ್ಟನ್ನೇ ತೆಗೆದುಕೊಂಡು ಅವನು ಮಣ್ಣಿಗೆ ಹೋದ.

ಇದೊವು ಸ್ಪೀಕರಿನ ಕಡೆ ಕೈ ತೋರಿಸಿ, "ಈ ಕೆಂಪು ಡಬ್ಬಾನೇ ತಗೊಂಬಿಡೋಣ ದೊಡ್ಡಕ್ಕ. ಎರಡೂ ಕೂಡಿ ಬರುತ್ತೆ. ಅವ್ವನೂ ಕೇಳಬಹುದು, ಎಲ್ಲಾರೂ ಕೇಳಬಹುದು," ಅಂದ.

"ಅಪ್ಪ ಎಲ್ಲಾರಿಗೂ ಹೇಳಿದ್ದಲ್ಲ," ಅಂದಳು ಅವಳು.

ಹಳೆಯದರ ಹಾಗೇ ಇದ್ದ, ಪರದೆಯಿಲ್ಲದ ಒಂದು ಡಬ್ಬಿ ಆರಿಸಿದಳು. ಒಬಿಯೋರಾ ಹೊಸ ಇಯರ್‌ಫೋನು ಬಿಚ್ಚಿ, ಡ್ರಾಯರಿನಿಂದ ಕೆಂಪು ಟೇಪಿನ ಸುರುಳಿ ತೆಗೆದು, ಎರಡು ತುದಿಗಳನ್ನೂ ಹಿಡಿದು ನಿಂತ. "ಕೆಂಪು ಯಾರಿಗೆ?" ಅಂದ.

ಕೆಹಿಂದೆ ಎರಡು ತುದಿಗಳನ್ನೂ ನೋಡಿದಳು. ಟೈವೋಗೆ ಕೊಟ್ಟದ್ದನ್ನು ಟೈವೋಳಿಂದ ಕಿತ್ತುಕೊಳ್ಳುವ ಹಾಗಿಲ್ಲ. ಎಲ್ಲರಿಗಿಂತ ಚೆನ್ನಾಗಿ ಅದು ಅವಳಿಗೇ ಗೊತ್ತು.

"ಟೇಪು ಬೇಡ, ಹಾಗೇ ಕೊಡಿ," ಅಂದಳು.

ವಾಪಸು ಬರುವ ಬಸ್ಸಿನಲ್ಲಿ ಕಂಡಕ್ಟರು ಇದೊವುವಿನ ಗುರುತು ಹಿಡಿದು ಎರಡು ಸಲ ಕೆಣಕಿದ. ಇದೊವು ಒಳ್ಳೆಯ ಹುಡುಗನಂತೆ ಚಿಲ್ಲರೆ ಕೊಟ್ಟು ಕೂತ.

ಅವ್ವನಿಗೆ ಹೇಳಿದವನು ಇದೊವುವೇ. ಕಿವಿ ಮಂದವಾದ್ದರಿಂದ ಗಟ್ಟಿಯಾಗಿ ಹೇಳಬೇಕು, ಗಟ್ಟಿಯಾಗಿ ಹೇಳುವಂಥ ಮಾತಲ್ಲ. ಆಕೆಯ ಪಕ್ಕ ಮೊಣಕಾಲೂರಿ ಕಿವಿಗೆ ಬಾಯಿಟ್ಟು ಹೇಳಿದ. ಅವ್ವ ಕೇಳುತ್ತ ಕೇಳುತ್ತ ತಲೆವಸ್ತ್ರ ಬಿಚ್ಚಿದಳು, ಮತ್ತೆ ಕಟ್ಟಿದಳು, ಮತ್ತೆ ಬಿಚ್ಚಿದಳು.

"ಮೊದಲು ಹುಟ್ಟಿದ್ಯಾರು ಅಂತ ಕೇಳ್ದ. ಟೈವೋ ಅಂದೆ. ಸುಳ್ಳು ಹೇಳಿದ್ನಾ ನಾನು?" ಅಂದಳು.

"ಇಲ್ಲ ಅವ್ವ," ಅಂದಳು ಕೆಹಿಂದೆ.

"ಅವನು ಹಿರಿಯಳು ಯಾರು ಅಂತ ಕೇಳಿದ್ರೆ ನಿನ್ನ ಹೆಸರೇ ಹೇಳ್ತಿದ್ದೆ. ಹಾಗೆ ಕೇಳ್ಲಿಲ್ಲ ಅವನು." ಅವ್ವ ಗೋಡೆಗೊರಗಿದ ಗೊಂಬೆಯನ್ನು ನೋಡಿದಳು. ಕೆಹಿಂದೆಯ ಉಡುಪಿನ ಬಣ್ಣದ್ದೇ ಅಂಗಿ, ಬಣ್ಣ ಮಾಸಿದ ಪ್ಲಾಸ್ಟಿಕ್ಕಿನ ಮುಖ. "ಈಗೇನು, ಅದಲುಬದಲು ಮಾಡ್ಬೇಕು ಅಂತೀಯ?"

"ನಾನೇನೂ ಅಂದಿಲ್ಲ."

"ಇಷ್ಟು ವರ್ಷ ಅವಳ ಪಾಲಿಗೆ ಕೊಟ್ಟಿದ್ದು. ಕಿತ್ಕೊಂಡ್ರೆ ಸುಮ್ನಿರ್ತಾಳಾ? ನಿಂಗೇನಾದ್ರೂ ಆದ್ರೆ?" ಅವ್ವನ ದನಿ ಒಡೆಯಿತು. "ನಂಗಿರೋ ಮಗಳು ನೀನೊಬ್ಬಳೇ ಕಣೇ." ಆ ಮಾತನ್ನು ಆಕೆ ಆ ಮನೆಯಲ್ಲಿ ಆಡಿದ್ದು ಅದೇ ಮೊದಲು. ಆಡಿದಮೇಲೆ ಗೊಂಬೆಯ ಕಡೆ ಹೆದರಿ ನೋಡಿದಳು.

"ಬೇಡ ಬಿಡವ್ವ," ಅಂದಳು ಕೆಹಿಂದೆ. "ಏನು ಹೇಳಿದಾನೆ ಅಂತ ಗೊತ್ತಾಯ್ತಲ್ಲ. ಸಾಕು. ಆದ್ರೆ ಅಪ್ಪ ಅವತ್ತು ಬಾಗಿಲಲ್ಲಿ ನಿಂತು ಕಾದ. ನಾನು ತಾಳ ಚೆನ್ನಾಗಿದೆ ಅಂದುಬಿಟ್ಟೆ. ಅವನು ಹೇಳಿದ್ದು ನನ್ನ ಕಿವಿಗೆ ಬೀಳದೇ, ಅದಕ್ಕೆ ಉತ್ತರ ಹೇಗೆ ಕೊಡ್ಲಿ?"

ಅಂಗಳದಲ್ಲಿ ಪಕ್ಕದ ಮನೆಯ ಮೇಕೆ ಗೆಣಸಿನ ಸಿಪ್ಪೆಗೆ ಬಾಯಿ ಹಾಕಿತ್ತು. ಯಾರೂ ಅದನ್ನು ಓಡಿಸಲಿಲ್ಲ. ಅವ್ವ ಕೂತಲ್ಲಿಂದಲೇ ಚಾಪೆಯ ಮೇಲೆ ತೆವಳಿಕೊಂಡು ಹೋಗಿ ಗೊಂಬೆಯನ್ನೆತ್ತಿ ತೊಡೆಯ ಮೇಲೆ ಕೂರಿಸಿಕೊಂಡಳು. ಅದರ ತಲೆವಸ್ತ್ರ ಸಡಿಲಿಸಿದಳು. ಸ್ನಾನ ಮಾಡಿಸುವಾಗ ಹಿಡಿಯುವ ಹಾಗೆ ಗಲ್ಲ ಹಿಡಿದಳು.

"ಚೆನ್ನಾಗಿತ್ತೇನೇ?" ಎಂದು ಕೇಳಿದಳು.

ಇದೊವು ತಲೆ ಎತ್ತಿ ನೋಡಿದ.

"ಅಪ್ಪನ ಮಾತು. ಇಷ್ಟು ದಿನ ನೀನೇ ಅಲ್ವಾ ಕೇಳಿದ್ದು. ಚೆನ್ನಾಗಿತ್ತಾ?" ಅವ್ವ ಕಿವಿಯನ್ನು ಗೊಂಬೆಯ ಬಾಯಿಗೆ ತಂದಳು. ಯಾವ ದನಿಯೂ ಸರಿಯಾಗಿ ಕೇಳಿಸದ ಆ ಕಿವಿ ಅಲ್ಲಿ ಬಹಳ ಹೊತ್ತು ನಿಂತಿತು. ಆಮೇಲೆ ಮುಖವೆತ್ತಿ, ಹೆರಿಗೆಮನೆಯಿಂದ ಹೊರಗೆ ಸುದ್ದಿ ಹೇಳುವವಳ ಹಾಗೆ ಹೇಳಿದಳು: "ಚೆನ್ನಾಗಿದೆಯಂತೆ. ರುಚಿ ನೋಡೋಕೇ ಅವಳನ್ನ ಮುಂದೆ ಕಳಿಸಿದ್ದು. ನೋಡಾಯ್ತು. ಇನ್ನು ನೀನು ಬಾ."

ಹಳೆಯ ಇಯರ್‌ಫೋನಿನಿಂದ ಕೆಂಪು ಟೇಪನ್ನು ಉಗುರಿನಲ್ಲಿ ಎಬ್ಬಿಸಿ, ಎಂಜಲು ಹಚ್ಚಿ, ಹೊಸದರ ಬಲ ತುದಿಗೆ ಅವ್ವನೇ ಸುತ್ತಿದಳು. ಅಂಟು ಸತ್ತಿತ್ತು, ಎರಡು ಸಲ ಬಿಚ್ಚಿಕೊಂಡಿತು. ಮೂರನೆಯ ಸಲ ಕೂತದ್ದನ್ನು ತನ್ನ ಕೈಯಾರೆ ಕೆಹಿಂದೆಯ ಕಿವಿಗಿಟ್ಟಳು. ಎಡ ತುದಿಯನ್ನು ಗೊಂಬೆಯ ತಲೆವಸ್ತ್ರದೊಳಗೆ ಸೇರಿಸಿದಳು.

ಕೆಹಿಂದೆ ಗುಂಡಿ ಒತ್ತಿದಳು.

ಅಂಗಡಿಯಲ್ಲಿ ಕೇಳಿದ್ದಕ್ಕೂ ಇದಕ್ಕೂ ಸಂಬಂಧವೇ ಇರಲಿಲ್ಲ. ಅಲ್ಲಿ ಅದು ಡೋಲು. ಇಲ್ಲಿ ಕೋಲು ಚರ್ಮಕ್ಕೆ ತಾಗುವ ಮುಂಚಿನ ಉಸಿರೂ ಇತ್ತು, ಕಂಕುಳಲ್ಲಿ ಹಗ್ಗ ಕಿರುಗುಟ್ಟುವುದೂ ಇತ್ತು, ಒಂದು ಕಡೆ ನುಂಗಿಕೊಂಡ ಕೆಮ್ಮೂ ಇತ್ತು. ಅಪ್ಪ ಹೆಸರು ಹೇಳಿಕೊಂಡ. ಅವಳಿಗಳನ್ನು ಹೊಗಳಿದ. ತಾಳವಿಲ್ಲದ ಬರಿಯ ಮಾತು, ಎದುರಿಗೆ ಮುಖ ಕೊಟ್ಟು ಆಡಿದ ಹಾಗೆ. ಆಮೇಲೆ ಆ ಸಾಲು ಬಂತು. ಅದಕ್ಕೆ ಯಾವ ವ್ಯಂಜನ ಹಾಕಿಕೊಳ್ಳಬೇಕೆಂದು ಅವಳು ಯೋಚಿಸಬೇಕಾಗಲಿಲ್ಲ.

ನೀ ಬಂದೆ, ಮನೆ ತುಂಬಿತು.

ಅವಳ ಕಾಲು ಅಲುಗಲಿಲ್ಲ. ಅವ್ವನ ತೊಡೆಯ ಮೇಲೆ ಗೊಂಬೆ ಕುಣಿಯತೊಡಗಿತ್ತು. ಕೇಳಿಸದ ತಾಳವನ್ನು ಅವ್ವ ಮಗಳ ಕಾಲಿನಿಂದ ಇಷ್ಟು ವರ್ಷ ಓದಿ ಬಾಯಿಪಾಠ ಮಾಡಿಕೊಂಡಿದ್ದಳು, ಎಲ್ಲೂ ತಪ್ಪಲಿಲ್ಲ. ಅಪ್ಪ ಒಂದು ಸುತ್ತು ಕಾದು ಮತ್ತೆ ಹೇಳಿದ. ಮತ್ತೆ ಕಾದ.

"ಕೇಳಿದೆ ಅಪ್ಪ," ಅಂದಳು ಕೆಹಿಂದೆ.

ಕಿವಿಯಲ್ಲಿ ಹಾಡಿಟ್ಟುಕೊಂಡವರಿಗೆ ತಮ್ಮ ದನಿಯ ಅಳತೆ ಸಿಗುವುದಿಲ್ಲ. ಮೆಲ್ಲಗೆ ಅಂದೆ ಎಂದುಕೊಂಡಿದ್ದಳು. ಅಂಗಳದ ಮೇಕೆ ಸಿಪ್ಪೆ ಬಿಟ್ಟು ತಲೆ ಎತ್ತುವಷ್ಟು, ಪಕ್ಕದ ಮನೆಯವರು ಒನಕೆ ನಿಲ್ಲಿಸುವಷ್ಟು, ಕಿವಿ ಮಂದವಾದ ಅವ್ವನಿಗೂ ಕೇಳುವಷ್ಟು ಗಟ್ಟಿಯಾಗಿ ಬಂತು ಆ ಮಾತು. ಕಂಡವರ ದನಿಯನ್ನೆಲ್ಲ ಬಾಯಿಗೆ ತಂದುಕೊಳ್ಳುವ ಇದೊವು ಬಾಗಿಲಲ್ಲಿ, ಅಪ್ಪ ನಿಂತಿದ್ದ ಜಾಗದಲ್ಲೇ ನಿಂತಿದ್ದ. ಅವನ ತುಟಿ ಅಲುಗಲಿಲ್ಲ.